ಸೂಜಿ ಚುಚ್ಚೋ ಮುಂಚೆ ಒಂದ್ಸಲ ನಡೆಸಿ ನೋಡ್ರಿ

ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಆದರೆ ಅವತ್ತು ಬೆಳಿಗ್ಗೆ 7 ಗಂಟೆಗೆ ಶಾಮನೂರಿನ ಟೀ ಅಂಗಡಿ ಮುಂದೆ ನೆರೆದಿದ್ದವರೆಲ್ಲ ಅವರನ್ನು ಕುಡುಕ ಅಂತಲೇ ತೀರ್ಮಾನ ಮಾಡಿದರು.

ಗದ್ದೆಗೆ ನೀರು ಕಟ್ಟಿ ಬಂದು, ಟೀ ಕುಡಿದು, ಬೆಂಚಿನಿಂದ ಎದ್ದಿದ್ದಾರೆ. ಎರಡು ಹೆಜ್ಜೆ ಇಡೋದರೊಳಗೆ ಎಡಕ್ಕೆ ವಾಲಿ ಕಂಬ ಹಿಡಿದುಕೊಂಡಿದ್ದಾರೆ. ಅಲ್ಲೇ ವಾಂತಿ. "ರಸ್ತೆ ತಿರುಗಾಕತ್ತೈತಿ, ಹಿಡ್ಕೊಳ್ರೋ" ಅಂತ ಕೂಗಿದ್ದಾರೆ. ಮಾತು ಸ್ವಲ್ಪ ತೊದಲುತ್ತಿತ್ತು. ಹಿಡಿದುಕೊಳ್ಳಲು ಬಂದವರಿಗಿಂತ ದೂರ ಸರಿದವರೇ ಜಾಸ್ತಿ. "ಬೆಳಬೆಳಗ್ಗೆನೇ ಏರಿಸ್ಕೊಂಡಾರೆ ನೋಡು ಯಜಮಾನ್ರು" ಅಂತ ಒಬ್ಬ ನಕ್ಕನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ತೂರಾಟ, ವಾಂತಿ, ತೊದಲು ಮಾತು ಮೂರೂ ಕೂಡಿದರೆ ನಮ್ಮ ಕಡೆ ಅದಕ್ಕೆ ಇರೋದು ಒಂದೇ ಹೆಸರು.

ಮನೆಗೆ ಕರೆತಂದರು. ದೊಡ್ಡಮ್ಮ "ಪಿತ್ತ ನೆತ್ತಿಗೇರೇತಿ" ಅಂತ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ಪಕ್ಕದ ಮನೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. 11 ಗಂಟೆಗೆ ಆಟೋ ಮಾಡಿ ಒಂದು ಕ್ಲಿನಿಕ್‌ಗೆ ಹೋದೆವು. ಇಬ್ಬರು ಹೆಗಲು ಕೊಟ್ಟು ಒಳಗೆ ಒಯ್ದೆವು. ಮಲಗಿಸಿ ಬಿಪಿ ನೋಡಿದರು. ವಾಂತಿಗೆ ಒಂದು ಇಂಜೆಕ್ಷನ್, ಗ್ಯಾಸ್ಟ್ರಿಕ್‌ಗೆ ಇನ್ನೊಂದು, ಒಂದು ಬಾಟಲಿ ಗ್ಲೂಕೋಸ್. ತಲೆಸುತ್ತಿನ ಮಾತ್ರೆ ಬರೆದುಕೊಟ್ಟರು. ಮತ್ತೆ ಇಬ್ಬರು ಹೆಗಲು ಕೊಟ್ಟು ಹೊರಗೆ ತಂದೆವು. ಆ ಒಂದೂವರೆ ಗಂಟೆಯಲ್ಲಿ ಒಬ್ಬರೂ, ನಾನೂ ಸೇರಿದಂತೆ, "ಒಂದ್ಸಲ ಎದ್ದು ನಾಲ್ಕು ಹೆಜ್ಜೆ ನಡೀರಿ ನೋಡೋಣ" ಅನ್ನಲಿಲ್ಲ.

ಸಂಜೆ ಬಿಕ್ಕಳಿಕೆ ಶುರುವಾಯಿತು. ನಿಲ್ಲಲೇ ಇಲ್ಲ. "ಯಾರೋ ನೆನೆಸ್ಕೊಳ್ಳಾಕತ್ತಾರೆ" ಅಂತ ಮನೆಯವರೆಲ್ಲ ಒಬ್ಬೊಬ್ಬರ ಹೆಸರು ಹೇಳಿ ನೋಡಿದೆವು. ನೀರು ಕುಡಿಸಿದರೆ ನೆತ್ತಿಗೇರಿ ಕೆಮ್ಮು. ಮಾರನೇ ದಿನ ಬೇರೊಂದು ಕಡೆ ಒಯ್ದೆವು. ತಲೆಯ ಸಿಟಿ ಸ್ಕ್ಯಾನ್ ಮಾಡಿ "ನಾರ್ಮಲ್ ಇದೆ" ಅಂದರು. ನಮಗೆ ಎಷ್ಟು ಖುಷಿಯಾಯಿತೆಂದರೆ, ಬರುವಾಗ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಮೂರನೇ ದಿನ ಮಧ್ಯಾಹ್ನ ದೊಡ್ಡಪ್ಪ ಎಷ್ಟು ಕೂಗಿದರೂ ಪೂರ್ತಿ ಎಚ್ಚರವಾಗಲಿಲ್ಲ. ಆಮೇಲೆ ಮಾಡಿದ ಎಂಆರ್‌ಐಯಲ್ಲಿ ಗೊತ್ತಾಗಿದ್ದು: ಕಿರುಮೆದುಳಿನ ಸ್ಟ್ರೋಕ್. ಸತ್ತ ಭಾಗ ಊದಿಕೊಂಡು ಪಕ್ಕದ ಮೆದುಳಿನ ಕಾಂಡವನ್ನು ಒತ್ತುತ್ತಿತ್ತು. ತಲೆಬುರುಡೆಯ ಹಿಂಭಾಗದ ಮೂಳೆ ತೆಗೆದು ಜೀವ ಉಳಿಸಿದರು. ಎರಡು ತಿಂಗಳು ಮೂಗಿನ ಪೈಪಿನಲ್ಲಿ ಗಂಜಿ. ಈಗ ಕೋಲು ಹಿಡಿದು ನಡೆಯುತ್ತಾರೆ, ಗದ್ದೆಯ ಬದುವಿನ ಮೇಲೆ ಮಾತ್ರ ಆಗಲ್ಲ.

ಇದರಲ್ಲಿ ನನ್ನ ಪಾಲಿನ ತಪ್ಪು ಮೊದಲು ಒಪ್ಪಿಕೊಳ್ಳುತ್ತೇನೆ. ಅಕ್ಟೋಬರ್ 29 ವಿಶ್ವ ಸ್ಟ್ರೋಕ್ ದಿನ. ಪತ್ರಿಕೋದ್ಯಮ ಓದುವಾಗ ಒಂದು ವರ್ಷ ಆ ದಿನಕ್ಕೆ ನಾನೇ ಲೇಖನ ಬರೆದಿದ್ದೆ. ಬಾಯಿ ಸೊಟ್ಟ ಆಗುತ್ತೆ, ಒಂದು ಕೈ ಬಿದ್ದುಹೋಗುತ್ತೆ, ಮಾತು ನಿಲ್ಲುತ್ತೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ ಅಂತ. ದೊಡ್ಡಪ್ಪನ ಬಾಯಿ ನೆಟ್ಟಗಿತ್ತು. ಎರಡೂ ಕೈ ಗಟ್ಟಿಯಾಗಿದ್ದವು, ಕಂಬವನ್ನು ಬಿಡಿಸಲು ಆಗದಷ್ಟು ಬಿಗಿಯಾಗಿ ಹಿಡಿದಿದ್ದರು. ಹಾಗಾಗಿ ನಾನು ಬರೆದ ಲೇಖನದ ಪ್ರಕಾರವೇ ಅದು ಲಕ್ವಾ ಅಲ್ಲ ಅಂದುಕೊಂಡೆ.

ಸಿಟ್ಟು ಬರೋದು ಇಲ್ಲಿಯೇ. ನನಗೆ ಅರ್ಧ ಪಾಠ ಹೇಳಿಕೊಟ್ಟರು, ನಾನು ಆ ಅರ್ಧವನ್ನೇ ನಿಮಗೆ ದಾಟಿಸಿದೆ. ಆಸ್ಪತ್ರೆ ಗೋಡೆಗಳ ಮೇಲೆ ಇವತ್ತಿಗೂ ಅಂಟಿಸಿರುವ ಎಷ್ಟೋ ಪೋಸ್ಟರ್‌ಗಳಲ್ಲಿ ಅದೇ ಅರ್ಧ ಇದೆ: ಮುಖ, ಕೈ, ಮಾತು. ಮೆದುಳಿನ ಮುಂಭಾಗದ ಕಥೆ ಮಾತ್ರ. ಹಿಂಭಾಗದಲ್ಲೂ ಮೆದುಳಿದೆ, ಅಲ್ಲೂ ರಕ್ತ ನಿಲ್ಲುತ್ತೆ ಅಂತ ಆ ಪೋಸ್ಟರ್ ಹೇಳೋದೇ ಇಲ್ಲ.

ಹಿಂಭಾಗಕ್ಕೆ ರಕ್ತ ಹೋಗುವ ದಾರಿ ನಮ್ಮ ಭಾಗದವರಿಗೆ ಬಹಳ ಸುಲಭವಾಗಿ ಅರ್ಥವಾಗುತ್ತೆ. ಕತ್ತಿನ ಮುಂಭಾಗದಲ್ಲಿ ಎರಡು ದೊಡ್ಡ ರಕ್ತನಾಳ ಇವೆ, ಬೆರಳಿಟ್ಟರೆ ಬಡಿತ ಸಿಗುತ್ತೆ. ಮೆದುಳಿನ ರಕ್ತದ ಹೆಚ್ಚಿನ ಪಾಲು ಅವುಗಳಲ್ಲಿ ಹೋಗುತ್ತೆ. ಇವಲ್ಲದೆ ಕತ್ತಿನ ಹಿಂದೆ ಇನ್ನೆರಡು ಇವೆ, ಎಡಕ್ಕೊಂದು ಬಲಕ್ಕೊಂದು. ಕತ್ತಿನ ಮೂಳೆಗಳ ಪಕ್ಕದಲ್ಲಿರುವ ಸಣ್ಣ ತೂತುಗಳ ಒಳಗಿಂದ, ಪೈಪಿನೊಳಗೆ ವೈರ್ ಎಳೆದ ಹಾಗೆ, ಮೇಲಕ್ಕೆ ಹತ್ತುತ್ತವೆ. ಇವೇ ವರ್ಟಿಬ್ರಲ್ ನಾಳಗಳು. ತಲೆಬುರುಡೆ ಹೊಕ್ಕ ಮೇಲೆ ಇವೆರಡೂ ಕೂಡಿ ಒಂದಾಗುತ್ತವೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗಿ ನಮ್ಮ ಹರಿಹರದ ಕಡೆ ಹರಿದು ಬರೋ ಹಾಗೆ. ಕೂಡಿದ ಮೇಲೆ ಅದರ ಹೆಸರು ಬ್ಯಾಸಿಲರ್.

ಕೂಡುವ ಮುಂಚೆ ಒಂದೊಂದು ನಾಳದಿಂದಲೂ ಒಂದು ಉಪಕಾಲುವೆ ಹೊರಡುತ್ತೆ. ಡಾಕ್ಟರುಗಳು ಅದನ್ನು ಪೈಕಾ ಅನ್ನುತ್ತಾರೆ. ಕಿರುಮೆದುಳಿನ ಕೆಳಭಾಗಕ್ಕೂ, ಮೆದುಳಿನ ಕಾಂಡದ ಕೆಳತುದಿಯ ಒಂದು ಮಗ್ಗುಲಿಗೂ ರಕ್ತ ಹೋಗೋದು ಇದರಿಂದ. ಕೂಡಿದ ಮೇಲೆ ಬ್ಯಾಸಿಲರ್‌ನಿಂದ ಐಕಾ ಅನ್ನೋದು ಹೊರಡುತ್ತೆ, ಒಳಕಿವಿಗೂ ಸಾಮಾನ್ಯವಾಗಿ ಇದರದೇ ಕವಲು. ಇನ್ನೂ ಮೇಲೆ ಎಸ್‌ಸಿಎ, ಅದು ಕಿರುಮೆದುಳಿನ ಮೇಲ್ಭಾಗಕ್ಕೆ. ನಡುನಡುವೆ ಕೂದಲೆಳೆಯಂಥ ಎಷ್ಟೋ ನಾಳಗಳು ನೇರವಾಗಿ ಮೆದುಳಿನ ಕಾಂಡಕ್ಕೆ ಇಳಿಯುತ್ತವೆ. ಉಪಕಾಲುವೆ ಕಟ್ಟಿದರೆ ಒಂದು ತೋಟ ಒಣಗುತ್ತೆ. ಕೂಡಿದ ಹೊಳೆಯೇ ಕಟ್ಟಿದರೆ ಏನಾಗುತ್ತೆ ಅಂತ ಬೇಸಿಗೆಯ ತುಂಗಭದ್ರೆ ನೋಡಿದವರಿಗೆ ಹೇಳಬೇಕಿಲ್ಲ.

ಕಿರುಮೆದುಳಿನ ಕೆಲಸ ಹದ. ಸೈಕಲ್ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಬೀಳದೆ ಹೋಗೋದು, ತುಂಬಿದ ಲೋಟ ಚೆಲ್ಲದಂತೆ ಬಾಯಿಗೆ ಒಯ್ಯೋದು, ಎಲ್ಲ ಅದರ ಲೆಕ್ಕ. ಶಾಲೆ ಪುಸ್ತಕದಲ್ಲಿ ಇದನ್ನು ಅನುಮಸ್ತಿಷ್ಕ ಅಂತ ಓದಿದ್ದೀರಿ, ಪರೀಕ್ಷೆ ಆದ ಮೇಲೆ ಮರೆತಿದ್ದೀರಿ. ಮೆದುಳಿನ ಕಾಂಡ ಹೆಬ್ಬೆರಳಿನ ಗಾತ್ರದ್ದು. ಉಸಿರು, ನುಂಗೋದು, ಎಚ್ಚರವಾಗಿರೋದು, ಎರಡು ಕಣ್ಣು ಒಟ್ಟಿಗೆ ತಿರುಗೋದು, ಮೇಲಿನಿಂದ ಕೈಕಾಲಿಗೆ ಹೋಗೋ ಅಷ್ಟೂ ಆಜ್ಞೆಗಳು ಆ ಹೆಬ್ಬೆರಳಿನೊಳಗೇ ಹಾಯುತ್ತವೆ. ಇಡೀ ದಾವಣಗೆರೆಗೆ ಒಂದೇ ಸೇತುವೆ ಇದ್ದ ಹಾಗೆ.

ಅದಕ್ಕೇ ಇಲ್ಲಿ ರಕ್ತ ನಿಂತರೆ ಕಾಣೋ ಲಕ್ಷಣಗಳೇ ಬೇರೆ. ಇದ್ದಕ್ಕಿದ್ದಂತೆ ಲೋಕವೆಲ್ಲ ತಿರುಗೋದು. ವಾಂತಿ. ಎದ್ದು ನಿಲ್ಲಲಾಗದೆ ಒಂದೇ ಕಡೆಗೆ ವಾಲೋದು. ಒಂದು ವಸ್ತು ಎರಡಾಗಿ ಕಾಣೋದು. ನಾಲಿಗೆ ತೊದಲೋದು, ದನಿ ಗೊಗ್ಗರಾಗೋದು, ಎಂಜಲು ನುಂಗಲು ಆಗದಿರೋದು. ಹಿಂದಲೆಯಲ್ಲಿ, ಕತ್ತಿನಲ್ಲಿ ಹಿಂದೆಂದೂ ಬಂದಿರದಂಥ ನೋವು. ಪೈಕಾದ ಜಾಗದಲ್ಲಿ ಮೆದುಳಿನ ಕಾಂಡಕ್ಕೂ ಪೆಟ್ಟಾದರೆ ಬಿಟ್ಟೂಬಿಡದೆ ಬಿಕ್ಕಳಿಕೆ ಬರಬಹುದು, ಯಾರೂ ನೆನೆಸಿಕೊಳ್ಳದೇ ಇದ್ದರೂ. ಒಂದು ವಿಚಿತ್ರವೂ ಇದೆ. ಎಡಗಡೆ ಕೆನ್ನೆಗೆ ಬಿಸಿ ತಾಗಿದ್ದು ಗೊತ್ತಾಗಲ್ಲ, ಆದರೆ ಕೈಕಾಲಲ್ಲಿ ಬಿಸಿನೀರು ಗೊತ್ತಾಗದೇ ಇರೋದು ಬಲಗಡೆ. ಹೇಳಿದರೆ ಮನೆಯವರು "ಏನೇನೋ ಮಾತಾಡ್ತಾರೆ" ಅನ್ನುತ್ತಾರೆ. ಐಕಾ ಕಟ್ಟಿದವರಿಗೆ ತಲೆಸುತ್ತಿನ ಜೊತೆ ಒಂದು ಕಿವಿ ದಿಢೀರನೆ ಕೇಳದಂತಾಗಬಹುದು. ಡಾಕ್ಟರೂ ಕಿವಿಯದೇ ಕಾಯಿಲೆ ಅಂದುಕೊಳ್ಳಬಹುದು. ಬ್ಯಾಸಿಲರ್ ಕಟ್ಟಿದರೆ ಎಚ್ಚರವೇ ತಪ್ಪಬಹುದು. ಕೆಲವರಿಗೆ ಎಚ್ಚರ ಪೂರ್ತಿ ಇದ್ದು ಕಣ್ಣು ಬಿಟ್ಟರೆ ಬೇರೇನೂ ಅಲ್ಲಾಡದ ಸ್ಥಿತಿ ಬರುತ್ತೆ. ಫ್ರಾನ್ಸಿನಲ್ಲಿ ಪತ್ರಿಕಾ ಸಂಪಾದಕರಾಗಿದ್ದ ಜಾನ್ ಡೊಮಿನಿಕ್ ಬೋಬಿಗೆ 1995ರ ಡಿಸೆಂಬರಿನಲ್ಲಿ ಹೀಗಾಯಿತು. ಎಡಗಣ್ಣಿನ ರೆಪ್ಪೆ ಬಡಿದೇ ಒಂದೊಂದು ಅಕ್ಷರ ಸೂಚಿಸಿ ಒಂದು ಪುಸ್ತಕ ಬರೆಸಿದರು. ಅದು 1997ರಲ್ಲಿ ಅಚ್ಚಾದ ಕೆಲವೇ ದಿನಗಳಿಗೆ ತೀರಿಕೊಂಡರು.

ಇದೇನು ಅಪರೂಪದ ಕಾಯಿಲೆ, ಲಕ್ಷಕ್ಕೊಬ್ಬರಿಗೆ ಬರೋದು ಅಂದುಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ಗಳಲ್ಲಿ ಸುಮಾರು ಐದರಲ್ಲಿ ಒಂದು ಹಿಂಭಾಗದ್ದೇ. ಬಿಪಿ, ಶುಗರ್, ಬೀಡಿ, ತಂಬಾಕು, ತಾಳ ತಪ್ಪಿ ಬಡಿಯೋ ಹೃದಯ, ಕಾರಣಗಳೆಲ್ಲ ಮುಂಭಾಗದ ಲಕ್ವಾಕ್ಕೆ ಇರೋವೇ. ದೊಡ್ಡಪ್ಪ ಬಿಪಿ ಮಾತ್ರೆಯನ್ನು ಜಾತ್ರೆಗೆ ಹೋದ ಹಾಗೆ ವರ್ಷಕ್ಕೆ ಕೆಲವು ಸಲ ನುಂಗುತ್ತಿದ್ದರು.

ಪೋಸ್ಟರ್ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕೆಂಟಕಿಯ ವೈದ್ಯರು 2017ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸ್ಟ್ರೋಕ್ ಆದ 736 ಜನರ ದಾಖಲೆ ತೆಗೆದು ನೋಡಿದರೆ, ಶೇ 14ರಷ್ಟು ಜನರಲ್ಲಿ ಮುಖ, ಕೈ, ಮಾತು ಈ ಮೂರರಲ್ಲಿ ಒಂದೂ ಲಕ್ಷಣ ಇರಲಿಲ್ಲ. ಅಂದರೆ ನೂರರಲ್ಲಿ 14 ಜನ ಪೋಸ್ಟರ್ ನಂಬಿಕೊಂಡು ಮನೆಯಲ್ಲೇ ಉಳಿಯುವವರು. ಆ ಮೂರರ ಜೊತೆ ನಡಿಗೆಯ ಹದ ಮತ್ತು ಕಣ್ಣು ಎರಡನ್ನು ಸೇರಿಸಿದಾಗ ತಪ್ಪಿಸಿಕೊಳ್ಳುವವರು ಶೇ 4.4ಕ್ಕೆ ಇಳಿದರು. ಎರಡೇ ಪದ! ಇಂಗ್ಲಿಷಿನಲ್ಲಿ ಮೊದಲಿದ್ದ 'ಫಾಸ್ಟ್' ಸೂತ್ರಕ್ಕೆ ಎರಡಕ್ಷರ ಹಿಂದೆ ಸೇರಿಸಿ 'ಬಿ ಫಾಸ್ಟ್' ಅಂತ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಆ ಎರಡು ಪದಕ್ಕೆ ಪೋಸ್ಟರ್‌ನಲ್ಲಿ ಜಾಗ ಇಲ್ಲ ಅನ್ನೋದಾದರೆ, ಮೇಲುಗಡೆ ಮಂತ್ರಿಗಳ ಫೋಟೋ ಸ್ವಲ್ಪ ಚಿಕ್ಕದು ಮಾಡಿ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದು ಹೊಸದಲ್ಲ. ನೀರು ಬರೋದಿಲ್ಲ, ಲೆಕ್ಕದಲ್ಲಿ ಮಾತ್ರ ಅಚ್ಚುಕಟ್ಟು. ಮೆದುಳಿನಲ್ಲೂ ಕೊನೆ ಭಾಗಕ್ಕೆ ಅದೇ ಗತಿ ಮಾಡಿದ್ದೀರಿ.

ಇನ್ನು ಕ್ಲಿನಿಕ್‌ಗಳು. ನನಗೆ ಪರಿಚಯದ ಡಾಕ್ಟರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದಾಗ ಅವರಿಗೆ ಬೇಜಾರಾಯಿತು. "ತಲೆಸುತ್ತು ಅಂತ ದಿನಾ ಜನ ಬರ್ತಾನೇ ಇರ್ತಾರೆ. ಎಲ್ಲರಿಗೂ ಎಂಆರ್‌ಐ ಬರೆದ್ರೆ ನೀವೇ ನಾಳೆ 'ದುಡ್ಡು ಹೊಡೆಯೋ ಡಾಕ್ಟರ್' ಅಂತ ಬರೀತೀರಿ" ಅಂದರು. ಅವರು ಹೇಳಿದ್ದು ನಿಜ. ತಲೆಸುತ್ತಿನಲ್ಲಿ ಹೆಚ್ಚಿನ ಪಾಲು ಸ್ಟ್ರೋಕ್ ಅಲ್ಲ. ಮಗ್ಗಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಗಿರ್ರ್ ಅಂದು ಒಂದು ನಿಮಿಷದೊಳಗೆ ನಿಲ್ಲೋ ತಲೆಸುತ್ತು ಸಾಮಾನ್ಯವಾಗಿ ಒಳಕಿವಿಯದು. ಅದಕ್ಕೆ ಯಾರೂ ಹೆದರಬೇಕಿಲ್ಲ. ನಾವು ಎಂಆರ್‌ಐ ಕೇಳುತ್ತಲೂ ಇಲ್ಲ. ಕೇಳುತ್ತಿರೋದು ನಾಲ್ಕು ಹೆಜ್ಜೆ. ಗಂಟೆಗಟ್ಟಲೆ ಬಿಡದೆ ತಲೆ ತಿರುಗುತ್ತಿರುವ ಮನುಷ್ಯನನ್ನು, ಇಬ್ಬರು ಪಕ್ಕದಲ್ಲಿ ನಿಂತು, ಒಮ್ಮೆ ಎಬ್ಬಿಸಿ ನಿಲ್ಲಿಸಿ. ಕಿವಿಯ ತೊಂದರೆಯವರು ಗೋಡೆ ಹಿಡಿದಾದರೂ ಸಾಮಾನ್ಯವಾಗಿ ನಾಲ್ಕು ಹೆಜ್ಜೆ ಹಾಕುತ್ತಾರೆ. ಆಸರೆಯಿಲ್ಲದೆ ನಿಲ್ಲಲೂ ಆಗದವನು, ಕೂತಲ್ಲೇ ವಾಲುವವನು ಹಿಮ್ಮೆದುಳಿನ ರೋಗಿ ಇರಬಹುದು ಅಂತ ಮೊದಲು ಅನುಮಾನಪಡಿ. ಇದಕ್ಕೆ ಕರೆಂಟು ಬೇಡ, ಮಷೀನು ಬೇಡ.

ಇನ್ನೊಂದು ಪರೀಕ್ಷೆಯೂ ಇದೆ. ಕಣ್ಣನ್ನು ನೋಡಿ ಹೇಳೋದು, ಮೂರು ಹಂತದ್ದು. ಅಮೆರಿಕದ ವೈದ್ಯರು 2009ರಲ್ಲಿ ಪ್ರಕಟಿಸಿದ್ದು. ರೋಗಿಯ ತಲೆಯನ್ನು ಸ್ವಲ್ಪವೇ, ಥಟ್ಟನೆ ತಿರುಗಿಸಿದಾಗ ಕಣ್ಣು ಗುರಿ ತಪ್ಪಿ ಮತ್ತೆ ವಾಪಸ್ ಜಿಗಿದರೆ ಕಿವಿಯ ತೊಂದರೆ ಕಡೆಗೆ ತೋರಿಸುತ್ತೆ. ತಲೆ ತಿರುಗುತ್ತಲೇ ಇರುವ ರೋಗಿಯ ಕಣ್ಣು ತಪ್ಪದೆ ಗುರಿಯಲ್ಲೇ ನಿಂತರೆ ಅದೇ ಅಪಾಯದ ಸೂಚನೆ. ತಲೆಕೆಳಗಾದ ಹಾಗೆ ಕಾಣುತ್ತೆ ಅಲ್ವಾ? ಕಲಿತ ಕೈಗಳು ಇದನ್ನು ಮಾಡಿದಾಗ ಮೊದಲ ದಿನದ ಎಂಆರ್‌ಐಗಿಂತಲೂ ಚೆನ್ನಾಗಿ ಸ್ಟ್ರೋಕ್ ಹಿಡಿಯಿತು ಅಂತ ಅವರು ತೋರಿಸಿದರು. ದಯವಿಟ್ಟು ನೀವು ಮನೆಯಲ್ಲಿ ಯಾರ ಕತ್ತನ್ನೂ ತಿರುಗಿಸಿ ನೋಡಬೇಡಿ. ಇದು ಡಾಕ್ಟರ ಕೆಲಸ. ಆದರೆ ಡಾಕ್ಟರು ಮಾಡಬೇಕಾದ ಕೆಲಸ.

"ಸಿಟಿ ನಾರ್ಮಲ್" ಅನ್ನೋ ಮಾತಿನ ಬಗ್ಗೆಯೂ ಎರಡು ಮಾತು. ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನು ಚೆನ್ನಾಗಿ ತೋರಿಸುತ್ತೆ, ಅದಕ್ಕೇ ಮೊದಲು ಅದನ್ನು ಮಾಡೋದು ಸರಿಯೇ. ಆದರೆ ಹಿಮ್ಮೆದುಳಿನ ಸುತ್ತ ದಪ್ಪ ಮೂಳೆ. ಹೆಪ್ಪುಗಟ್ಟಿ ಆದ ಸ್ಟ್ರೋಕ್ ಅಲ್ಲಿ ಮೊದಲ ಗಂಟೆಗಳಲ್ಲಿ ಸಿಟಿಗೆ ಕಾಣದೇ ಇರೋದೇ ಹೆಚ್ಚು. ಎಂಆರ್‌ಐ ಕೂಡ ಮೊದಲ ದಿನ ಕೆಲವರಲ್ಲಿ ತಪ್ಪಿಸಿಬಿಡುತ್ತೆ. ಹಾಗಾಗಿ "ರಕ್ತಸ್ರಾವ ಆಗಿಲ್ಲ" ಅನ್ನೋದು ಒಂದು, "ಸ್ಟ್ರೋಕ್ ಆಗಿಲ್ಲ" ಅನ್ನೋದು ಇನ್ನೊಂದು. ಮೊದಲನೆಯದನ್ನು ನೋಡಿ ಎರಡನೆಯದನ್ನು ಹೇಳಿ ಕಳಿಸಿದರೆ ಜನ ಕಾಯಿ ಒಡೆಸಿಕೊಂಡು ಮನೆಗೆ ಹೋಗುತ್ತಾರೆ. ಕಿರುಮೆದುಳಿನ ಸತ್ತ ಭಾಗ ಊದೋದು ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಬುರುಡೆಯ ಹಿಂಭಾಗದಲ್ಲಿ ಜಾಗ ಕಡಿಮೆ, ಊದಿದ್ದು ಪಕ್ಕದ ಕಾಂಡವನ್ನೇ ಒತ್ತುತ್ತೆ. ಮೊದಲ ದಿನ ಮಾತಾಡಿಕೊಂಡಿದ್ದವರು ಮೂರನೇ ದಿನ ಎಚ್ಚರ ತಪ್ಪೋದು ಹೀಗೆ. ಆಸ್ಪತ್ರೆಯಲ್ಲಿ ಕಣ್ಣಿಟ್ಟುಕೊಂಡಿದ್ದರೆ ಹೊತ್ತಿಗೆ ಸರಿಯಾಗಿ ಆಪರೇಷನ್ ಮಾಡಿ ಉಳಿಸಬಹುದು. ನಮ್ಮ ಮನೆಯಲ್ಲಿ ಕಣ್ಣಿಟ್ಟಿದ್ದವರು ನಾವು. "ಪಾಪ, ಸುಸ್ತಾಗೇತಿ, ಮಲಗ್ಲಿ ಬಿಡ್ರಿ" ಅಂದವರೂ ನಾವೇ.

ಇದು ನಮ್ಮೂರಿನ ಡಾಕ್ಟರುಗಳ ತಪ್ಪು ಮಾತ್ರ ಅಂತ ತಿಳಿಯಬೇಡಿ. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗದ ಲೆಕ್ಕ ತೆಗೆದಾಗಲೂ, ಮುಂಭಾಗದ ಸ್ಟ್ರೋಕ್‌ಗಿಂತ ಹಿಂಭಾಗದ ಸ್ಟ್ರೋಕನ್ನು ಗುರುತು ಹಿಡಿಯದೇ ಹೋಗಿದ್ದು ಎರಡು ಪಟ್ಟಿಗೂ ಹೆಚ್ಚು. ಆದರೆ ಅಲ್ಲೂ ತಪ್ಪುತ್ತೆ ಅನ್ನೋದು ಇಲ್ಲಿ ತಪ್ಪಿದ್ದಕ್ಕೆ ನೆಪ ಆಗಬಾರದು. ದಾವಣಗೆರೆಯೊಂದರಲ್ಲೇ ಎರಡು ಮೆಡಿಕಲ್ ಕಾಲೇಜಿವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಶಾಮನೂರೆಂದರೆ ಈಗ ಪಾಲಿಕೆಯೊಳಗಿನ ಊರು, ಆಟೋ ದೂರ. ಇಷ್ಟು ಡಾಕ್ಟರುಗಳನ್ನು ತಯಾರು ಮಾಡೋ ಊರಿನ ಬುಡದಲ್ಲೇ ಮನುಷ್ಯನೊಬ್ಬ ಮೂರು ದಿನ ಪಿತ್ತದ ರೋಗಿಯಾಗಿ ಬಿದ್ದಿದ್ದ ಅಂದರೆ, ಜಗಳೂರು, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಏನು ಕಥೆ?

ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮೆದುಳಿನ ಕಾಯಿಲೆಗಳ ತರಬೇತಿ ಕೊಡೋದು ಅದರ ಒಂದು ಕೆಲಸ. ಒಳ್ಳೆಯ ಕೆಲಸ, ಹೊಗಳೋಣ. ಆ ತರಬೇತಿಯಲ್ಲಿ ತಲೆಸುತ್ತು ಒಂದಕ್ಕೇ ಒಂದು ಪೂರ್ತಿ ಮಧ್ಯಾಹ್ನ ಮೀಸಲಿಡಲಿ ಅಂತ ನಮ್ಮ ಬೇಡಿಕೆ. ನರ್ಸುಗಳಿಗೂ, ಆಶಾ ಕಾರ್ಯಕರ್ತೆಯರಿಗೂ, 108ರ ಸಿಬ್ಬಂದಿಗೂ ಆ ನಾಲ್ಕು ಹೆಜ್ಜೆಯ ಪಾಠ ಆಗಲಿ. ಪೋಸ್ಟರ್ ಬದಲಿಸಲು ಮುಂದಿನ ಅಕ್ಟೋಬರ್ 29ರವರೆಗೂ ಕಾಯಬೇಕಿಲ್ಲ.

ಈಗ ನಮ್ಮ ಸರದಿ, ಅಂದರೆ ಓದುತ್ತಿರುವ ನಿಮ್ಮದೂ ನನ್ನದೂ. ತೂರಾಡಿದವನೆಲ್ಲ ಕುಡುಕ ಅನ್ನೋ ತೀರ್ಪು ಮೊದಲು ಬಿಡೋಣ. ಕುಡಿದವನೇ ಆಗಿದ್ದರೂ ಏನು? ಕುಡುಕನಿಗೆ ಲಕ್ವಾ ಹೊಡೆಯಲ್ವಾ? ದಿನಾ ಕುಡಿಯೋನು ಒಂದು ದಿನ ಬಿದ್ದರೆ ಅವನ ಹೆಂಡತಿ ಕೂಡ ನೋಡಲ್ಲ. ಅಂಥವನಿಗೆ ಸ್ಟ್ರೋಕ್ ಆಗಿದ್ದರೆ ಕಟ್ಟೆ ಮೇಲೆ ಮಧ್ಯಾಹ್ನದವರೆಗೂ ಬಿದ್ದಿರುತ್ತಾನೆ. ಬಿದ್ದವನ ಬಾಯಿ ವಾಸನೆ ನೋಡೋ ಬದಲು ಕಣ್ಣು ನೋಡಿ, ಮಾತಾಡಿಸಿ, ಕೂರಿಸಿದರೆ ಕೂರುತ್ತಾನಾ ನೋಡಿ.

ನಿಂಬೆಹಣ್ಣಿನ ಪಾನಕವೂ ನಿರಪಾಯ ಅಲ್ಲ. ನುಂಗೋ ಶಕ್ತಿ ಹೋದವನಿಗೆ ಅದು ಹೊಟ್ಟೆಗೆ ಹೋಗಲ್ಲ, ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತೆ. ಬಿಪಿ ಜಾಸ್ತಿ ಇದೆ ಅಂತ ಮನೆಯಲ್ಲಿರೋ ಮಾತ್ರೆ ಎರಡೆರಡು ನುಂಗಿಸೋದೂ ಬೇಡ, ಆ ಹೊತ್ತಿಗೆ ಬಿಪಿ ಏಕದಂ ಇಳಿದರೆ ಮೆದುಳಿಗೆ ಹೋಗೋ ರಕ್ತ ಇನ್ನೂ ಕಡಿಮೆಯಾಗುತ್ತೆ. ರಕ್ತ ತೆಳುವಾಗಿಸೋ ಮಾತ್ರೆಯೂ ಸ್ಕ್ಯಾನ್‌ಗೆ ಮುಂಚೆ ಬೇಡ, ಒಳಗೆ ರಕ್ತಸ್ರಾವವೇ ಆಗಿದ್ದರೆ ಅದು ವಿಷ. ಪಾರಿವಾಳದ ರಕ್ತ ಹಚ್ಚೋರ ಹತ್ತಿರ ಓಡೋರಿಗೆ ನಾನು ಹೇಳೋದಿಷ್ಟೇ: ಪಾರಿವಾಳವನ್ನೂ ಬದುಕಿಸಿ, ಮನುಷ್ಯನನ್ನೂ ಬದುಕಿಸಿ.

ಕತ್ತಿನ ನೆಟಿಗೆ ತೆಗೆಸೋದರ ಬಗ್ಗೆ ಹೇಳಿದರೆ ಕಟಿಂಗ್ ಶಾಪಿನ ಗೆಳೆಯರಿಗೆ ಕೋಪ ಬರಬಹುದು, ಆದರೂ ಹೇಳಲೇಬೇಕು. ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಲಟಕ್ ಅಂತ ತಿರುಗಿಸೋದು ಹಾಯ್ ಅನಿಸುತ್ತೆ, ನನಗೂ ಅನಿಸುತ್ತಿತ್ತು. ಮೂಳೆಯ ತೂತಿನೊಳಗಿಂದ ಹಾಯ್ದು ಹೋಗೋ ನಾಳ ಅಂತ ಮೇಲೆ ಹೇಳಿದೆನಲ್ಲ, ಆ ಮೂಳೆಯನ್ನು ಥಟ್ಟನೆ ತಿರುಚಿದರೆ ನಾಳದ ಒಳಪದರ ಹರಿಯಬಹುದು. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮೇಲಕ್ಕೆ ಹೋಗುತ್ತೆ. ಎಲ್ಲರಿಗೂ ಆಗಲ್ಲ, ಅಪರೂಪ. ಆದರೆ ಆದವರಲ್ಲಿ ಚಿಕ್ಕ ವಯಸ್ಸಿನವರೇ ಬಹಳ. ನಮ್ಮ ಪಕ್ಕದ ಬಳ್ಳಾರಿಯ 30 ವರ್ಷದ ಯುವಕನೊಬ್ಬನಿಗೆ ಹೀಗೆ ಕತ್ತು ತಿರುಗಿಸಿಕೊಂಡ ಮೇಲೆ ಸ್ಟ್ರೋಕ್ ಆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವನಿಗೆ ಹರಿದದ್ದು ಕತ್ತಿನ ಮುಂಭಾಗದ ನಾಳ. 2022ರಲ್ಲಿ ಹೈದರಾಬಾದಿನ 50 ವರ್ಷದ ಮಹಿಳೆಯದು ನೇರವಾಗಿ ನಮ್ಮ ಕಥೆ. ಬ್ಯೂಟಿ ಪಾರ್ಲರ್‌ನಲ್ಲಿ ಕತ್ತನ್ನು ಹಿಂದಕ್ಕೆ ಬಾಗಿಸಿ ಬೇಸಿನ್ ಮೇಲಿಟ್ಟು ತಲೆ ತೊಳೆಯುವಾಗ ತಲೆಸುತ್ತು, ವಾಂತಿ. ಮೊದಲು ಕರೆದೊಯ್ದದ್ದು ಹೊಟ್ಟೆ ಡಾಕ್ಟರ ಹತ್ತಿರ! ಮಾರನೇ ದಿನ ನಡಿಗೆ ವಾಲಿತು. ಎಂಆರ್‌ಐಯಲ್ಲಿ ಪೈಕಾ ಜಾಗದ ಸ್ಟ್ರೋಕ್. ಅವರ ಎರಡು ವರ್ಟಿಬ್ರಲ್ ನಾಳಗಳಲ್ಲಿ ಒಂದು ಹುಟ್ಟಿನಿಂದಲೇ ಸಣ್ಣದಿತ್ತು. ಅಮೆರಿಕದಲ್ಲಿ 1993ರಲ್ಲೇ ಇಂಥ ಐವರ ಬಗ್ಗೆ ವೈದ್ಯರೊಬ್ಬರು ಬರೆದು, ಬ್ಯೂಟಿ ಪಾರ್ಲರ್ ಸ್ಟ್ರೋಕ್ ಅಂತ ಹೆಸರಿಟ್ಟಿದ್ದರು. ಹೆಡ್ ಮಸಾಜ್ ಮಾಡಿ, ಯಾರೂ ಬೇಡ ಅನ್ನಲ್ಲ. ಕತ್ತು ಮಾತ್ರ ತಿರುಚಬೇಡಿ.

ಹೊತ್ತಿನ ಲೆಕ್ಕ ಗೊತ್ತಿರಲಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಸಾಮಾನ್ಯವಾಗಿ ಇರೋದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ದೊಡ್ಡಪ್ಪನಿಗೆ 7 ಗಂಟೆಗೆ ಶುರುವಾಗಿದ್ದು, ಹನ್ನೊಂದೂವರೆಗೆ ಗ್ಲೂಕೋಸ್ ತೊಟ್ಟಿಕ್ಕುತ್ತಿತ್ತು. ಬ್ಯಾಸಿಲರ್ ಕಟ್ಟಿದವರಿಗೆ ತೊಡೆ ಅಥವಾ ಕೈಯ ರಕ್ತನಾಳದಿಂದ ಸಣ್ಣ ತಂತಿ ಕಳಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಇದೆ. ಚೀನಾದಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2022ರಲ್ಲಿ ಬಂತು. ಸರಿಯಾಗಿ ಆರಿಸಿದ ರೋಗಿಗಳಿಗೆ ಒಂದರಲ್ಲಿ 12 ಗಂಟೆಯೊಳಗೆ, ಇನ್ನೊಂದರಲ್ಲಿ 24 ಗಂಟೆಯೊಳಗೆ ಮಾಡಿದರೂ ಪ್ರಯೋಜನ ಕಂಡಿತು. ಹಾಗಂತ ನಾಳೆ ಹೋಗೋಣ ಅನ್ನೋಕಲ್ಲ ಇದು. ತಡವಾಯ್ತು, ಇನ್ನೇನು ಅಂತ ಕೈಚೆಲ್ಲಿ ಕೂರಬೇಡಿ ಅನ್ನೋಕೆ. ಇಂಥ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಾಗಿ ಬಂದರೆ ಇಲ್ಲಿಂದ 250 ಕಿಲೋಮೀಟರಿಗೂ ಹೆಚ್ಚು ದೂರ. ಆ ದಾರಿಯಲ್ಲಿ ಕಳೆಯೋ ಹೊತ್ತು ಬೇರೆ, ಮನೆಯಲ್ಲಿ ನಿವಾಳಿಸುತ್ತಾ ಕಳೆದ ಹೊತ್ತು ಬೇರೆ.

ಆದ್ದರಿಂದ 108ಕ್ಕೆ ಫೋನ್ ಮಾಡಿ. ಹೊರಡೋ ಮುಂಚೆ, ಹೋಗೋ ಆಸ್ಪತ್ರೆಯಲ್ಲಿ ಈಗ ಸ್ಕ್ಯಾನ್ ಆಗುತ್ತಾ, ಸ್ಟ್ರೋಕ್ ನೋಡೋ ಡಾಕ್ಟರು ಇದ್ದಾರಾ ಅಂತ ಕೇಳಿಕೊಳ್ಳಿ. ರೋಗಿ ಕೊನೆಯದಾಗಿ ಯಾವಾಗ ಸರಿಯಾಗಿದ್ದರು ಅನ್ನೋದನ್ನು ಕೈಮೇಲಾದರೂ ಬರೆದುಕೊಳ್ಳಿ, ಡಾಕ್ಟರು ಮೊದಲು ಕೇಳೋದು ಅದನ್ನೇ. ಮಲಗಿದ್ದವರು ಎದ್ದಾಗಲೇ ಹೀಗಿದ್ದರೆ, ಎದ್ದ ಹೊತ್ತು ಲೆಕ್ಕಕ್ಕಿಲ್ಲ, ರಾತ್ರಿ ಸರಿಯಾಗಿದ್ದ ಹೊತ್ತು ಹೇಳಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ನಮ್ಮಂಥವರಿಗೆ ಬಾಯಿ ಕಟ್ಟುತ್ತೆ. ಅದಕ್ಕೆ ಕೆಳಗಿನ ನಾಲ್ಕು ಸಾಲನ್ನು ಈಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೇಕಾದ ದಿನ ಹೊತ್ತು ತುಂಬಿ ಫೋನನ್ನೇ ಡಾಕ್ಟರ ಕೈಗೆ ಕೊಡಿ:

"ಇವರು ...... ಗಂಟೆಗೆ ಸರಿಯಾಗಿದ್ದರು. ಆಮೇಲೆ ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ ಶುರುವಾಗಿದೆ, ಬಿಟ್ಟಿಲ್ಲ. ಹಿಡಿದುಕೊಳ್ಳದೆ ನಿಲ್ಲೋಕೆ, ನಡೆಯೋಕೆ ಆಗ್ತಿಲ್ಲ. ಕುಡಿದಿದ್ದಾರೆ, ಗ್ಯಾಸ್ಟ್ರಿಕ್ ಅಂತ ತೀರ್ಮಾನ ಮಾಡೋ ಮುಂಚೆ ಹಿಮ್ಮೆದುಳಿನ ಸ್ಟ್ರೋಕ್ ಇದೆಯಾ ನೋಡಿ ಸರ್."